ಗುದೈಬಿಯಾದಲ್ಲಿ ಹೊಸತು

ಬಹ್ರೈನಿನ ಬಿಸಿಲಿಗೆ ಶಾಪ ಹಾಕದವರನ್ನು ನಾನು ನೋಡಿಲ್ಲ. ಅದನ್ನು ಹಿಡಿದು ಮನೆಗೆಲಸಕ್ಕೆ ಹಚ್ಚಿದವಳು ನನ್ನ ಎದುರು ಫ್ಲ್ಯಾಟಿನ ಪ್ರಫುಲ್ಲಾ ಒಬ್ಬಳೇ. ಗುದೈಬಿಯಾದ ನಮ್ಮ ಕಟ್ಟಡದ ಹಿಂದೆ ಒಂದು ಮರಳು ಬಯಲಿದೆ, ಎಲ್ಲರೂ ಕಾರು ನಿಲ್ಲಿಸುವ ಜಾಗ. ಅವಳ ಗಂಡ ಜಯಪಾಲ ಸಿತ್ರಾದ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್. ಅವರು ಕಂಪನಿ ಬಸ್ಸಿನಲ್ಲಿ ಹೋಗಿ ಬರುವುದರಿಂದ ಅವರ ಹಳೆಯ ಕಾರು ಹಗಲೆಲ್ಲ ಆ ಬಯಲಿನಲ್ಲಿ ಕಾಯುತ್ತ ನಿಂತಿರುತ್ತದೆ. ಪ್ರಫುಲ್ಲಾ ಅದರ ಡ್ಯಾಶ್‌ಬೋರ್ಡಿನ ಮೇಲೆ ಬಿಳಿ ಬಟ್ಟೆ ಹಾಸಿ ಖುಬೂಸ್ ಒಣಗಿಸುತ್ತಾಳೆ. ಬೇಕರಿಯ ಆ ಮೆತ್ತನೆ ರೊಟ್ಟಿಯನ್ನು ಎರಡು ಪದರವಾಗಿ ಬಿಡಿಸಿ ಇಟ್ಟರೆ ಮಧ್ಯಾಹ್ನದೊಳಗೆ ಗರಿಗರಿ. ಸಂಜೆ ಅದನ್ನು ಮುರಿದು ತಟ್ಟೆಗೆ ಹಾಕಿ, ಮೇಲಿಂದ ತೆಂಗಿನಹಾಲಿನ ಕೋಳಿ ಸಾರು ಸುರಿದರೆ ಕೋರಿ ರೊಟ್ಟಿ ತಯಾರು. ಹಿಂದಿನ ಸೀಟು ಸಂಡಿಗೆಗೆ ಮೀಸಲು. ಮಜ್ಜಿಗೆಯಲ್ಲಿ ನೆನೆಸಿದ ಉಪ್ಪು ಮೆಣಸು ಹಿಂಬದಿಯ ಗಾಜಿನ ಕೆಳಗೆ. ಜಯಪಾಲ ರಜೆಯ ದಿನ ಕಾರು ಹತ್ತಿ ಇಳಿದರೆ ಅವರ ಷರಟು ಮಜ್ಜಿಗೆ ಮೆಣಸಿನ ವಾಸನೆ ಹೊಡೆಯುತ್ತಿತ್ತು. ಪಾಪ, ಅವರು ಅದಕ್ಕೂ ಒಗ್ಗಿಹೋಗಿದ್ದರು.

ನಾನು ದಾವಣಗೆರೆಯವಳು, ಹೆಸರು ಸೌಜನ್ಯ. ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಆಫೀಸಿನಲ್ಲಿ ಕೆಲಸ. ನಾನೂ ನನ್ನ ಗಂಡ ಧನಂಜಯನೂ ಅಡುಗೆಯ ವಿಷಯದಲ್ಲಿ ಶುದ್ಧ ಸೋಮಾರಿಗಳು. ಹಾಗಾಗಿ ಎದುರು ಮನೆಯ ಒಗ್ಗರಣೆಯ ಸದ್ದಿಗೆ ಕಿವಿ ಕೊಟ್ಟೇ ಇರುತ್ತೇವೆ. ಪ್ರಫುಲ್ಲಾಳ ಪರ ಮಾತಾಡುತ್ತಿದ್ದೇನೆ ಎಂದು ಯಾರಿಗಾದರೂ ಅನಿಸಿದರೆ, ಹೌದು, ಅವಳ ಪರವೇ. ಅವಳ ಮನೆಯ ಅನ್ನ ಉಂಡವಳು ನಾನು, ನಡುವೆ ನಿಂತು ನ್ಯಾಯ ಹೇಳುವ ದರ್ದು ನನಗಿಲ್ಲ.

ಅವಳಿಗೆ ಇಬ್ಬರು ಮಕ್ಕಳು. ಅಕ್ಷಿತ್ ಎರಡನೇ ಕ್ಲಾಸು, ಹಸಿರು ಬಣ್ಣದ್ದು ಏನನ್ನೂ ಬಾಯಿಗೆ ಇಡುವುದಿಲ್ಲ ಎಂದು ಶಪಥ ಮಾಡಿದವನು. ಅನಿಷಾ ಎಲ್‌ಕೆಜಿ, ಬೇರೆಯವರ ತಟ್ಟೆಯಲ್ಲಿದ್ದದ್ದು ಮಾತ್ರ ತಿನ್ನುವವಳು. ಇಬ್ಬರಿಗೂ ಊಟ ಮಾಡಿಸಲು ಪ್ರಫುಲ್ಲಾ ಕಂಡುಕೊಂಡ ದಾರಿ ಒಂದೇ: ಅಡುಗೆಮನೆಗೆ ಎಳೆದುಕೊಳ್ಳುವುದು. ಕರಾವಳಿಯವರ ಪತ್ರೊಡೆಗೆ ಕೆಸುವಿನ ಎಲೆ ಬೇಕು. ಕೆಳಗಿನ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿಯ ಮಲಯಾಳಿ ಅದನ್ನು ತರಿಸುವುದು ವರ್ಷಕ್ಕೆ ಒಂದೋ ಎರಡೋ ಸಲ, ಅದೂ ಬಾಡಿದ್ದು. ಇವಳು ಮಾರ್ಕೆಟ್ಟಿನಲ್ಲಿ ಸಿಗುವ ಸಿಲಕ್ ಎಂಬ ಅಗಲ ಎಲೆಯ ಅರಬ್ಬಿ ಸೊಪ್ಪನ್ನು ತಂದು ಮಣೆಯ ಮೇಲೆ ಹರಡುತ್ತಾಳೆ. ಅನಿಷಾ ಬೋರಲು ಹಾಕಿದ ಬಕೆಟ್ಟಿನ ಮೇಲೆ ನಿಂತು, ಅರೆದ ಅಕ್ಕಿ ಮಸಾಲೆಯನ್ನು ಎಲೆಗೆ ಬಳಿಯುತ್ತಾಳೆ, ಅರ್ಧ ಎಲೆಗೆ, ಅರ್ಧ ತನ್ನ ಫ್ರಾಕಿಗೆ. ಅಕ್ಷಿತ್ ಸುರುಳಿ ಸುತ್ತುತ್ತಾನೆ. ಬೆಂದ ಮೇಲೆ ಅದು ತಾನು ಸುತ್ತಿದ ಸುರುಳಿಯೋ ತಂಗಿ ಬಳಿದದ್ದೋ ಎಂದು ಜಗಳ. ಜಗಳ ಮುಗಿಯುವುದರೊಳಗೆ ಪಾತ್ರೆ ಖಾಲಿ. ಹಸಿರಿನ ಶಪಥ ಆ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

“ಕೆಸುವಾದ್ರೆ ನಾಲಿಗೆ ತುರಿಸ್ತದೆ. ಇದು ತುರಿಸುವುದೂ ಇಲ್ಲ. ನಮ್ಮ ಊರಿನವರಿಗೆ ಗೊತ್ತಿಲ್ಲ, ಅಷ್ಟೇ,” ಎನ್ನುತ್ತಿದ್ದಳು ಅವಳು.

ಇಂಥ ಮನೆಗೆ ಸೆಪ್ಟೆಂಬರಿನಲ್ಲಿ ಜಯಪಾಲರ ತಾಯಿ ವಾರಿಜಮ್ಮ ಕರಾವಳಿಯ ಬೆಳ್ಮಣ್ಣಿನಿಂದ ವಿಸಿಟ್ ವೀಸಾದಲ್ಲಿ ಬಂದರು. ಅಲ್ಲಿ ಹಿರಿಯ ಮಗನ ಸಂಸಾರದೊಂದಿಗೆ ಇರುವವರು, ಗದ್ದೆ ನೋಡಿಕೊಳ್ಳುವವರು, ಕೈಕಾಲು ಗಟ್ಟಿ, ಮಾತು ಅದಕ್ಕಿಂತ ಗಟ್ಟಿ. ಆ ಮನೆಯ ಮಾತು ತುಳು. ಅತ್ತೆಗೆ ಅವರು ಮಾಮಿ ಎನ್ನುತ್ತಾರೆ. ನಾನು ಇದ್ದಾಗ ಮರ್ಯಾದೆಗೆ ಎಲ್ಲರೂ ಕನ್ನಡಕ್ಕೆ ಹೊರಳುತ್ತಿದ್ದರು, ವಾರಿಜಮ್ಮನೂ ಸಹ.

ಮೊದಲ ದಿನವೇ ಅವರ ತಟ್ಟೆಗೆ ಸಿಲಕ್ ಪತ್ರೊಡೆ ಬಿತ್ತು. ಅವರು ಒಂದು ಹೋಳನ್ನು ಬೆರಳಿನಿಂದ ತಿರುಗಿಸಿ ನೋಡಿದರು.

“ಇದೆಂತ? ಪತ್ರೊಡೆಯ ದೂರದ ನೆಂಟನಾ?”

ನನಗೆ ನಗು ಬಂತು. ಪ್ರಫುಲ್ಲಾಳಿಗೂ ಬಂತು. ಆದರೆ ವಾರಿಜಮ್ಮ ನಗಲಿಲ್ಲ. ಮರುದಿನ ಬೆಳಿಗ್ಗೆ ಸೊಸೆ ಖುಬೂಸ್ ಹಿಡಿದು ಕಾರಿನ ಕಡೆ ಹೊರಟದ್ದನ್ನು ಕಿಟಕಿಯಿಂದ ಕಂಡ ಮೇಲಂತೂ ಅವರ ಮುಖ ಗಂಟಾದದ್ದು ಬಿಚ್ಚಲೇ ಇಲ್ಲ. ಮೊಮ್ಮಗನ ಭುಜ ಸವರಿ, “ಮೂಳೆ ಕೈಗೆ ಸಿಗ್ತದೆ,” ಅಂದರು. ಮೊಮ್ಮಗಳ ಕೂದಲು ನೋಡಿ, “ಎಣ್ಣೆ ಕಾಣದ ಕೂದಲು,” ಅಂದರು. ಸೊಸೆಗೆ ನೇರವಾಗಿಯೇ ಕೇಳಿದರು: “ನೀನು ಮಕ್ಕಳಿಗೆ ಊಟ ಹಾಕ್ತಿದ್ದಿಯಾ, ಊಟದ ನಾಟಕ ಮಾಡ್ತಿದ್ದಿಯಾ?”

“ನಾಟಕ ಆದ್ರೆ ಹೊಟ್ಟೆ ತುಂಬ್ತದಾ ಮಾಮಿ? ಇವ್ರದ್ದು ತುಂಬಿದೆ ನೋಡಿ,” ಎಂದು ಪ್ರಫುಲ್ಲಾ ಅನಿಷಾಳ ಹೊಟ್ಟೆ ತಟ್ಟಿ ತೋರಿಸಿದಳು.

ವಾರಿಜಮ್ಮನನ್ನು ಕೆಟ್ಟವರು ಅಂತ ನಾನು ಹೇಳಲಾರೆ. ಗಂಡ ಬೊಂಬಾಯಿಯ ಹೋಟೆಲಿನಲ್ಲಿ ಆಯುಷ್ಯ ಕಳೆದಾಗ ಇಬ್ಬರು ಗಂಡು ಮಕ್ಕಳನ್ನೂ ಗದ್ದೆಯನ್ನೂ ಒಂಟಿಯಾಗಿ ದಡ ಮುಟ್ಟಿಸಿದವರು. ಆದರೆ ಕಷ್ಟಪಟ್ಟವರಲ್ಲಿ ಕೆಲವರಿಗೆ ಒಂದು ಹಟ ಇರುತ್ತದೆ, ತಾವು ಪಟ್ಟದ್ದನ್ನೇ ಮುಂದಿನವರೂ ಪಡಬೇಕು, ಅದೇ ಕ್ರಮ ಎಂದು. ಆ ಹಟ ಕಂಡರೆ ನನಗೆ ಆಗುವುದಿಲ್ಲ.

ಗುಟ್ಟು ಒಡೆದವನು ಅಕ್ಷಿತ್. ಒಂದು ಸಂಜೆ ನಾನು ಅವರ ಅಡುಗೆಮನೆಯ ಬಾಗಿಲಿಗೆ ಒರಗಿ ಚಹಾ ಕುಡಿಯುತ್ತಿದ್ದೆ. ಪ್ರಫುಲ್ಲಾ ನೀರು ದೋಸೆ ಹುಯ್ಯುತ್ತಿದ್ದಳು. ಹುಡುಗ ಓಡಿಬಂದು ನನ್ನ ಕೈ ಜಗ್ಗಿದ.

“ಆಂಟಿ, ಐ ಆಮ್ ಗೆಟ್ಟಿಂಗ್ ಎ ಡಾಗ್! ಬೆಳ್ಮಣ್‌ನಲ್ಲಿ. ನ್ಯೂ ಸ್ಕೂಲ್ ಕೂಡ. ಪಪ್ಪ ಹೇಳಿದ್ರು, ಮಮ್ಮಿಗೆ ಹೇಳ್ಬೇಡ ಅಂತ.”

ಪ್ರಫುಲ್ಲಾ ತಿರುಗಿದಳು. ಕಾವಲಿಯ ಮೇಲಿನ ದೋಸೆ ಕಂದಿತು, ಆಮೇಲೆ ಕರಿಯಾಯಿತು, ನಾನೇ ಹೋಗಿ ಗ್ಯಾಸ್ ಆರಿಸಿದೆ. ಗುದೈಬಿಯಾದಲ್ಲಿ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳು ಸ್ವಲ್ಪ ದೊಡ್ಡವರಾದರೆ ಫ್ಯಾಮಿಲಿಯನ್ನು ಊರಿಗೆ ಕಳಿಸುವುದು, ವೀಸಾ ಕ್ಯಾನ್ಸಲ್ ಮಾಡುವುದು, ಗಂಡಸು ನಾಲ್ಕು ಜನರ ಜೊತೆ ರೂಮು ಹಂಚಿಕೊಂಡು ಬ್ಯಾಚುಲರ್ ಆಗುವುದು. ನಮ್ಮ ಕಟ್ಟಡದಲ್ಲೇ ಹಾಗಾದವರು ಬೇಕಾದಷ್ಟು ಜನ ಇದ್ದಾರೆ.

ಜಯಪಾಲ ಬಸ್ಸಿಳಿದು ಮನೆಗೆ ಬಂದಾಗ ನಾನು ಎದ್ದು ಹೊರಡಬೇಕಿತ್ತು. ಪ್ರಫುಲ್ಲಾ ನನ್ನ ಮೊಣಕೈ ಬಿಡಲಿಲ್ಲ.

“ಹೌದಾ?” ಎಂದು ಕೇಳಿದಳು ಗಂಡನನ್ನು.

ಅವರು ಹೆಲ್ಮೆಟ್ಟಿನ ಚೀಲ ಕೆಳಗಿಟ್ಟರು. ಸೋಫಾದಲ್ಲಿ ಕೂತಿದ್ದ ತಾಯಿಯ ಕಡೆ ನೋಡಿದರು, ಗೋಡೆಯ ಕಡೆ ನೋಡಿದರು. “ಎಲ್ಲರೂ ಮಾಡುವುದೇ ಅಲ್ವಾ ಪ್ರಫುಲ್ಲಾ. ಮಕ್ಕಳಿಗೆ ಊರಿನ ನೀರು, ಊರಿನ ಊಟ ಆಗ್ತದೆ. ಅಮ್ಮನ ಜೊತೆ ಹೊರಟ್ರೆ ಹೊಸತಿಗೆ ಅಲ್ಲಿ ಮುಟ್ಟಬಹುದು. ನಾನು ಇಲ್ಲಿ ಹೇಗಾದ್ರೂ ಇರ್ತೇನೆ.”

“ನನ್ನನ್ನು ಕೇಳಿದ್ರಾ?”

“ಈಗ ಹೇಳ್ತಿದ್ದೇನಲ್ಲ.”

“ಹೇಳುವುದು ಬೇರೆ, ಕೇಳುವುದು ಬೇರೆ,” ಅಂದಳು ಪ್ರಫುಲ್ಲಾ. “ನಾನು ಹೋಗುವುದಿಲ್ಲ. ಮಕ್ಕಳೂ ಹೋಗುವುದಿಲ್ಲ.”

ವಾರಿಜಮ್ಮ ಸೋಫಾದಿಂದಲೇ ಮಾತು ಸೇರಿಸಿದರು. “ಈ ಮಕ್ಕಳು ಹುಟ್ಟಿದ ಮೇಲೆ ಒಂದು ಸಲ ಹೊಸತು ಉಣ್ಣಲಿಲ್ಲ. ಮನೆತನದ ಮಕ್ಕಳಾ ಇವು? ಹೊಸತು ಇಲ್ಲದ ಮನೆ ಅದೆಂತ ಮನೆ? ಬಾಡಿಗೆ ರೂಮು.”

ಹೊಸತು ಅಂದರೇನು ಎಂದು ನಾನು ಕೇಳಿದ್ದೇ ತಪ್ಪು, ವಾರಿಜಮ್ಮ ಸಂಭ್ರಮದಿಂದ ಹೇಳತೊಡಗಿದರು. ಗದ್ದೆಯ ಭತ್ತ ತೆನೆ ಕಟ್ಟಿದಾಗ ಮೊದಲ ತೆನೆಗಳನ್ನು ಮನೆಗೆ ತಂದು, ಎಲೆಯ ಜೊತೆ ಸೇರಿಸಿ ಕಂಬಕ್ಕೆ, ನೊಗಕ್ಕೆ, ಕೊಟ್ಟಿಗೆಗೆ, ಬಾವಿಕಟ್ಟೆಗೆ ಕಟ್ಟುತ್ತಾರೆ. ನಾಲ್ಕು ಹೊಸ ಕಾಳು ಸುಲಿದು ಅನ್ನದ ಪಾತ್ರೆಗೆ ಹಾಕುತ್ತಾರೆ. ಆಮೇಲೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರಬೇಕು. ಆದರೆ ತುತ್ತು ಎತ್ತುವ ಮುಂಚೆ ಕಿರಿಯರು ಹಿರಿಯರ ಕಾಲು ಮುಟ್ಟಿ, “ಹೊಸತು ಉಣ್ತೇನೆ,” ಅನ್ನಬೇಕು. ಹಿರಿಯರು “ಉಣ್ಣು” ಅನ್ನಬೇಕು. ಅಲ್ಲಿಯ ತನಕ ಅನ್ನ ಮುಟ್ಟುವಂತಿಲ್ಲ.

“ಯಾರಾದ್ರೂ ಬೇಡ ಅಂದ್ರೆ?” ಎಂದೆ ನಾನು.

“ಬೇಡ ಅಂತ ಯಾರು ಹೇಳ್ತಾರೆ ಮಾರಾಯ್ತಿ! ವೈರಿ ಕೇಳಿದ್ರೂ ಉಣ್ಣು ಅಂತಲೇ ಹೇಳುವುದು.”

ಅತ್ತೆ ಇದನ್ನೆಲ್ಲ ಹೇಳುವಷ್ಟು ಹೊತ್ತು ಪ್ರಫುಲ್ಲಾ ಕರಿದಾದ ಕಾವಲಿಯನ್ನು ಕೆರೆಯುತ್ತಿದ್ದಳು. ಕೆರೆಯುವುದು ನಿಲ್ಲಿಸಿ ಹೇಳಿದಳು: “ಹೊಸತು ಇದ್ರೆ ಮನೆ ಅಲ್ವಾ ಮಾಮಿ? ಬರುವ ಶುಕ್ರವಾರ ನಮ್ಮಲ್ಲಿ ಹೊಸತು. ಸೌಜನ್ಯ, ನೀವಿಬ್ಬರೂ ಬರ್ಬೇಕು.”

“ಯಾವ ಗದ್ದೆಯದ್ದು? ಆ ಕಾರು ನಿಲ್ಲಿಸುವ ಗದ್ದೆಯದ್ದಾ?” ಎಂದು ವಾರಿಜಮ್ಮ ಈ ಸಲ ನಕ್ಕರು.

ಜಯಪಾಲರ ಜೊತೆ ಕೆಲಸ ಮಾಡುವ ಅಬ್ಬಾಸ್ ಎಂಬ ಬಹ್ರೈನಿಯ ಮನೆ ಸಿತ್ರಾದ ಹಳ್ಳಿಯಲ್ಲೇ ಇದೆ, ಹಿತ್ತಲಲ್ಲಿ ಖರ್ಜೂರದ ಮರಗಳಿವೆ. ಪ್ರತಿ ವರ್ಷ ಹೊಸ ಹಣ್ಣು ಡಬ್ಬಿಯಲ್ಲಿ ಕೊಟ್ಟು ಕಳಿಸುತ್ತಾನೆ. ಆ ವರ್ಷದ ತಡವಾದ ಕೊಯ್ಲು ಆಗಿನ್ನೂ ಮುಗಿದಿರಲಿಲ್ಲ. ಪ್ರಫುಲ್ಲಾ ಗಂಡನಿಗೆ ಹೇಳಿದ್ದು ಒಂದೇ ಮಾತು: ಹಣ್ಣು ಬಿಡಿಸಿ ತರಬೇಡಿ, ಗೊನೆಯನ್ನೇ ಎಳೆಸಮೇತ ತನ್ನಿ. ಗುರುವಾರ ಮಧ್ಯಾಹ್ನ ಜಯಪಾಲ ಕಂಪನಿ ಬಸ್ಸಿನಿಂದ ಆ ಗೊನೆಯನ್ನು ಹೆಗಲ ಮೇಲೆ ಹೊತ್ತು ಇಳಿದದ್ದನ್ನು ನಮ್ಮ ಬೀದಿಯೆಲ್ಲ ನೋಡಿತು. ಕಟಿಂಗ್ ಶಾಪಿನವರು ಹೊರಗೆ ಬಂದು ನಿಂತರು. ಜಯಪಾಲ ತಲೆ ಎತ್ತದೆ ಮೆಟ್ಟಿಲು ಹತ್ತಿದರು. ಅವರು ಯಾವ ಕಡೆ ಎಂದು ನನಗೆ ಆಗಲೂ ತಿಳಿಯಲಿಲ್ಲ. ತಾಯಿ ಹೇಳಿದ್ದಕ್ಕೂ ಹೂಂ, ಹೆಂಡತಿ ಹೇಳಿದ್ದಕ್ಕೂ ಹೂಂ. ಅಂಥ ಒಳ್ಳೆಯ ಗಂಡಸರ ಮೇಲೆ ಬರುವಷ್ಟು ಸಿಟ್ಟು ನನಗೆ ಕೆಟ್ಟವರ ಮೇಲೂ ಬರುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಮಕ್ಕಳು ಬೀದಿಬದಿಯ ಬಾದಾಮಿ ಮರದಿಂದ ಎಲೆ ಆರಿಸಿ ತಂದರು. ಪ್ರಫುಲ್ಲಾ ಖರ್ಜೂರದ ಒಂದೊಂದು ಎಳೆಯನ್ನು ಒಂದೊಂದು ಎಲೆಯಲ್ಲಿ ಸುತ್ತಿ ದಾರದಿಂದ ಕಟ್ಟುತ್ತ ಹೋದಳು. ಕಂಬ ಇರಲಿಲ್ಲ, ಬಾಗಿಲಿನ ಚೌಕಟ್ಟಿಗೆ ಕಟ್ಟಿದಳು. ಗ್ಯಾಸ್ ಸಿಲಿಂಡರಿಗೆ ಕಟ್ಟಿದಳು, ಫ್ರಿಜ್ಜಿಗೆ, ಮಿಕ್ಸಿಗೆ, ನೀರಿನ ನಲ್ಲಿಗೆ, ಕುರ್ಚಿ ಹತ್ತಿ ಎಸಿಗೆ. ಮಕ್ಕಳ ಸ್ಕೂಲ್ ಬ್ಯಾಗಿಗೂ ಕಟ್ಟಿದಳು. ಅಕ್ಷಿತ್ ಒಂದನ್ನು ಹಿಡಿದು ಕೆಳಗೆ ಓಡಿ ಕಾರಿನ ಸ್ಟಿಯರಿಂಗಿಗೆ ಕಟ್ಟಿ ಬಂದ. ವಾರಿಜಮ್ಮ ಕೂತಲ್ಲಿಂದಲೇ ಎಲ್ಲ ನೋಡುತ್ತಿದ್ದರು. ಒಮ್ಮೆ ತಡೆಯಲಾಗದೆ, “ಗಂಟು ಹಾಗೆ ಹಾಕುವುದಲ್ಲ, ಜಾರ್ತದೆ,” ಅಂದುಬಿಟ್ಟು ತಕ್ಷಣ ಬಾಯಿ ಮುಚ್ಚಿಕೊಂಡರು.

ಅಡುಗೆಮನೆಯಲ್ಲಿ ನಾನೂ ಕೈಹಾಕಿದೆ, ಅಂದರೆ ಅವಳು ಹೇಳಿದ್ದನ್ನು ತೊಳೆದುಕೊಟ್ಟೆ. ಬಂಗಾಳಿ ಅಂಗಡಿಯ ಕೆಂಪು ಹರಿವೆ, ಅಲಸಂಡೆ ಪಲ್ಯ, ಹೀರೆಕಾಯಿ, ಬೆಂಡೆಕಾಯಿ ಹುಳಿ, ಸಿಲಕ್ ಪತ್ರೊಡೆ. ಊರಿನ ಸೌತೆಕಾಯಿ ಸಿಗದ್ದಕ್ಕೆ ಇಲ್ಲಿಯ ಕೂಸಾಕಾಯಿ. ತೆಂಗಿನಹಾಲಿನ ಪಾಯಸಕ್ಕೆ ಬೆಲ್ಲದ ಬದಲು ಹೊಸ ಖರ್ಜೂರ. ಕುಚ್ಚಲಕ್ಕಿ ಕುದಿಯುವಾಗ ಹೊಸ ಭತ್ತದ ಕಾಳು ಹಾಕಬೇಕಾದ ಗಳಿಗೆ ಬಂತು. ಪ್ರಫುಲ್ಲಾ ಒಂದು ಖರ್ಜೂರದ ಬೀಜ ತೆಗೆದು ಸಣ್ಣಗೆ ಹೆಚ್ಚಿ ಅನಿಷಾಳ ಅಂಗೈಗೆ ಹಾಕಿದಳು. ಮಗುವನ್ನು ಎತ್ತಿಕೊಂಡು ಪಾತ್ರೆಗೆ ಹಾಕಿಸಿದಳು.

“ಈ ನೆಲದಲ್ಲಿ ಈ ವರ್ಷ ಹೊಸತಾಗಿ ಬೆಳೆದದ್ದು ಇದು. ಇದಕ್ಕಿಂತ ಹೊಸತು ಎಲ್ಲಿಂದ ತರ್ಲಿ?” ಎಂದಳು ನನಗೆ. ಧೈರ್ಯವಂತೆ ಎಂದು ನಾನು ಅಂದುಕೊಂಡಿದ್ದವಳಿಗೆ ಹೆದರಿಕೆಯೂ ಇತ್ತು. ಟಿಕೆಟ್ಟು ಮಾಡಿಸುವ ದಿನ ಹತ್ತಿರ ಬಂದಿತ್ತು.

ಹಾಲಿನಲ್ಲಿ ಚಾಪೆ ಹಾಸಿ, ಕೋಲ್ಡ್ ಸ್ಟೋರಿನಿಂದ ತಂದ ಬಾಳೆಲೆ ಇಟ್ಟು ಎಲ್ಲರನ್ನೂ ಕೂರಿಸಿದಳು. ವಾರಿಜಮ್ಮನಿಗೆ ಗೋಡೆ ಒರಗಿ ಕೂರಲು ಜಾಗ. ಬಡಿಸಿ ಆಯಿತು, ಅನ್ನ ಒಂದನ್ನು ಬಿಟ್ಟು. ಜಯಪಾಲ ಎದ್ದು ತಾಯಿಯ ಕಾಲು ಮುಟ್ಟಿದರು.

“ಹೊಸತು ಉಣ್ತೇನೆ ಅಮ್ಮ.”

ವಾರಿಜಮ್ಮ ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

“ಏಳು ಜಯಾ,” ಅಂದರು. “ಇದು ಹೊಸತಲ್ಲ. ನನ್ನ ಬಾಯಿಂದ ಉಣ್ಣು ಅಂತ ಬರುವುದಿಲ್ಲ. ಊರಿಗೆ ಬನ್ನಿ, ಮನೆಯಲ್ಲಿ ಹೇಳ್ತೇನೆ.”

ವೈರಿಗೂ ಹೇಳುವ ಮಾತನ್ನು ಅವರು ಮಗನಿಗೆ ಹೇಳಲಿಲ್ಲ. ಜಯಪಾಲ ಬಗ್ಗಿದವರು ಹಾಗೆಯೇ ಇದ್ದರು. ಧನಂಜಯ ನನ್ನ ಕಡೆ ನೋಡಿದ, ನಾನು ನೆಲ ನೋಡಿದೆ.

“ಮಾಮಿ,” ಎಂದಳು ಪ್ರಫುಲ್ಲಾ, ಅನ್ನದ ಪಾತ್ರೆಯನ್ನು ಕೆಳಗಿಟ್ಟು. “ಇವ್ರು ಚಿಕ್ಕವರಿದ್ದಾಗ ಹೊಸತು ಉಣ್ತೇನೆ ಅಂತ ಅಪ್ಪನಿಗೆ ಹೇಗೆ ಹೇಳಿದ್ದು? ನೀವೇ ಹೇಳಿ.”

“ಫೋಟೋಕ್ಕೆ,” ಎಂದರು ಜಯಪಾಲ ಮೆಲ್ಲಗೆ. ಅವರು ಇನ್ನೂ ಎದ್ದು ನಿಂತಿರಲಿಲ್ಲ. “ಅಪ್ಪ ಬೊಂಬಾಯಿಯಲ್ಲಿ. ಗೋಡೆಯ ಫೋಟೋ ಕೆಳಗಿಳಿಸಿ ಕುರ್ಚಿ ಮೇಲೆ ಇಡ್ತಿದ್ರು ಅಮ್ಮ. ಅದಕ್ಕೆ ಕೈ ಮುಗಿದು ಹೇಳುವುದು. ಅಣ್ಣ ಮೊದಲು, ಆಮೇಲೆ ನಾನು.”

ಬದುಕಿದ್ದ ಮನುಷ್ಯನ ಫೋಟೋ!

“ಮತ್ತೆಂತ ಮಾಡ್ಬೇಕಿತ್ತು ನಾನು?” ವಾರಿಜಮ್ಮನ ದನಿ ಏರಿತು. “ಒಬ್ಬಳೇ ಸಾಕಿದೆ. ಒಬ್ಬಳೇ ಗದ್ದೆ ಮಾಡಿದೆ. ನಾನು ಮಾಡ್ಲಿಲ್ವಾ? ನಿನಗೆಂತ ಆಗುದಿಲ್ಲ?”

“ನೀವು ಮಾಡಿದ್ರಿ ಮಾಮಿ. ನಿಮ್ಮಷ್ಟು ಮಾಡುವ ಹೆಂಗಸನ್ನು ನಾನು ನೋಡ್ಲಿಲ್ಲ. ಆದ್ರೆ ನಾನು ಮಾಡುವುದಿಲ್ಲ. ಆಗದೆ ಇದ್ದದ್ದಕ್ಕಲ್ಲ, ಮನಸ್ಸಿಲ್ಲದ್ದಕ್ಕೆ. ನನ್ನ ಮಕ್ಕಳು ಮೊಬೈಲಿನೊಳಗಿನ ಅಪ್ಪನಿಗೆ ಹೊಸತು ಉಣ್ತೇನೆ ಅಂತ ಹೇಳುವುದು ಬೇಡ. ಖುಬೂಸ್ ತಿನ್ನಲಿ, ಸೊಪ್ಪು ತಿನ್ನಲಿ, ಅಪ್ಪನ ಬದಿಯಲ್ಲಿ ಕೂತು ತಿನ್ನಲಿ. ಖಲಾಸ್. ನೀವು ಉಣ್ಣು ಅಂತ ಹೇಳದಿದ್ರೆ ಬೇಡ.” ಅವಳು ಮಕ್ಕಳ ಕಡೆ ತಿರುಗಿದಳು. “ಅಕ್ಷಿತ್, ಅನಿಷಾ, ಬನ್ನಿ ಇಲ್ಲಿ. ನನಗೆ ಹೇಳಿ. ನಿಮಗಿಂತ ನಾನು ಹಿರಿಯಳಲ್ವಾ?”

ಅಕ್ಷಿತ್ ಅಜ್ಜಿಯನ್ನು ನೋಡಿದ, ಅಮ್ಮನನ್ನು ನೋಡಿದ. ಬಂದು ಅಮ್ಮನ ಕಾಲು ಮುಟ್ಟಿದ.

“ಹೊಸತು ಉಣ್ತೇನೆ ಮಮ್ಮಿ.”

“ಉಣ್ಣು ಮಗಾ.”

ಅನಿಷಾ ಕಾಲು ಮುಟ್ಟುವ ಬದಲು ಕಾಲನ್ನೇ ತಬ್ಬಿಕೊಂಡಳು. “ಮೀ ಟೂ,” ಅಂದಳು.

“ನೀನೂ ಉಣ್ಣು.”

ಆಗ ಜಯಪಾಲ ಎದ್ದರು. ತಾಯಿಯ ಮುಂದಿನಿಂದ ಸರಿದು, ಎಲೆಗಳ ನಡುವೆ ಕಾಲು ತಾಗದ ಹಾಗೆ ದಾಟಿ, ಹೆಂಡತಿಯ ಎದುರು ಬಂದು ನಿಂತರು. ಎರಡೂ ಕೈ ಜೋಡಿಸಿದರು. ಗಂಡ ಹೆಂಡತಿಯನ್ನು ಹಾಗೆ ಕೇಳುವ ಪದ್ಧತಿ ಅವರಲ್ಲಿಲ್ಲ, ನಮ್ಮಲ್ಲಿಲ್ಲ, ಎಲ್ಲಿಯೂ ಇಲ್ಲ.

“ಪ್ರಫುಲ್ಲಾ,” ಅಂದರು, “ಹೊಸತು ಉಣ್ತೇನೆ.”

“ಜಯಾ!” ಎಂದರು ವಾರಿಜಮ್ಮ. ಜಯಪಾಲ ತಿರುಗಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಆ ಗಳಿಗೆಗೇ ಕಣ್ಣೀರಿಟ್ಟು ಉಣ್ಣಿ ಅಂದುಬಿಡುತ್ತಿದ್ದರು. ನಾನಂತೂ ಅಂದಿರುತ್ತಿದ್ದೆ. ಪ್ರಫುಲ್ಲಾ ಅನ್ನಲಿಲ್ಲ. ಅನ್ನದ ಪಾತ್ರೆಯನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

“ಎಲ್ಲಿ ಉಣ್ಣುದು?”

“ಇಲ್ಲಿ.”

“ಬರುವ ವರ್ಷ?”

“ಇಲ್ಲೇ. ನಾವು ನಾಲ್ಕೂ ಜನ.”

“ಅಮ್ಮನ ಎದುರು ಹೇಳಿ.”

ಜಯಪಾಲ ತಾಯಿಯ ಕಡೆ ತಿರುಗಿದರು. “ಇವ್ರು ಬರುವುದಿಲ್ಲ ಅಮ್ಮ,” ಅಂದರು. “ನಾನು ಕಳಿಸುವುದಿಲ್ಲ.”

ವಾರಿಜಮ್ಮ ಎದ್ದು ಹೋಗಲಿಲ್ಲ. ಎಲೆಯ ಮುಂದೆ ನೆಟ್ಟಗೆ ಕೂತೇ ಇದ್ದರು.

ಪ್ರಫುಲ್ಲಾ ಸಟ್ಟುಗ ತುಂಬ ಅನ್ನ ತೆಗೆದು, ಕ್ರಮದ ಪ್ರಕಾರ ಮೊದಲು ಅತ್ತೆಯ ಎಲೆಗೆ ಬಡಿಸಿದಳು. ಆಮೇಲೆ ಗಂಡನ ಕಡೆ ನೋಡಿದಳು.

“ಹಾಗಾದ್ರೆ ಉಣ್ಣಿ,” ಅಂದಳು.